ಗುಮ್ಮಟದ ಪ್ಯಾಚ್

ಬಬಲೇಶ್ವರದ ನನ್ನ ದೋಸ್ತ ವರ್ಷಕ್ಕೆ ಎರಡೇ ಸಲ ಫೋನ್ ಮಾಡ್ತಾನೆ. ಯಾರದಾದರೂ ಮದುವೆ ನಿಕ್ಕಿಯಾದಾಗ ಒಮ್ಮೆ, ಯಾರಾದರೂ ತೀರಿಕೊಂಡಾಗ ಒಮ್ಮೆ. ಹಾಗಾಗಿ ಜನವರಿಯ ಒಂದು ಮಧ್ಯಾಹ್ನ, ಮೀಟಿಂಗಿನ ನಡುವೆ ಅವನ ಹೆಸರು ಸ್ಕ್ರೀನ್ ಮೇಲೆ ಬಂದಾಗ ಕ್ಯಾಮೆರಾ ಆಫ್ ಮಾಡಿ, ಎದೆ ಗಟ್ಟಿ ಮಾಡಿಕೊಂಡು ಬಾಲ್ಕನಿಗೆ ಹೋದೆ.

“ಏನಲೇ, ಕೆಲಸದಾಗ ಇದ್ದೇನ? ಒಂದ್ ಗಿಟಾರ್ ಪ್ರೊಸೆಸರ್ ತಗೋಬೇಕಾಗೇತಿ. ಹನ್ನೆರಡು ಸಾವಿರದೊಳಗ ಯಾವುದು ಛಲೋ ಐತಿ ಹೇಳು. ನಿಂಗ ಎಲ್ಲಾ ಗೊತ್ತಿರತೈತಿ.”

ಕೊನೇ ಮಾತಿನಲ್ಲಿ ಮುಳ್ಳಿತ್ತೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಆದರೆ ಚುಚ್ಚಿದ್ದಂತೂ ಖರೆ. ಯಾಕಂದರೆ ಇಪ್ಪತ್ತು ವರ್ಷದಿಂದ ಅವನದೊಂದು ಪ್ರೊಸೆಸರ್ ನನ್ನ ಹತ್ತಿರವೇ ಇತ್ತು. ಸರಿಯಾಗಿ ಹೇಳಬೇಕೆಂದರೆ, ಅರ್ಧ ಪ್ರೊಸೆಸರ್.

2004ರಲ್ಲಿ ನಾವಿಬ್ಬರೂ ವಿಜಯಪುರದಲ್ಲಿ, ಅಂದರೆ ಆಗಿನ ಬಿಜಾಪುರದಲ್ಲಿ, ಪಿಯುಸಿ ಓದುತ್ತಿದ್ದೆವು. ನಾನು ತಿಕೋಟಾದಿಂದ, ಅವನು ಬಬಲೇಶ್ವರದಿಂದ ಬಸ್ಸಿಗೆ ಬರುತ್ತಿದ್ದೆವು. ಆರ್ಕೆಸ್ಟ್ರಾ ಒಂದರ ಗಿಟಾರ್ ವಾದಕರು ತಮ್ಮ ಹಳೇ ಝೂಮ್ 505 ಮಾರುತ್ತಾರಂತ ಸುದ್ದಿ ಬಂತು. 2400 ರೂಪಾಯಿ. ತಲಾ 1200. ಅವನು ತನ್ನ ಪಾಲನ್ನು ಕಾಕಾನ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಬೇಸಿಗೆ ರಜೆ ಪೂರ್ತಿ ತಾಮ್ರದ ತಂತಿ ಸುತ್ತಿ ಗಳಿಸಿದ. ನಾನು ಸಿಇಟಿ ಗೈಡ್ ಬೇಕಂತ ಅಪ್ಪನಿಗೆ ಸುಳ್ಳು ಹೇಳಿ ಇಸಕೊಂಡೆ.

ಗಿಟಾರಿನ ಸಂಗತಿ ಗೊತ್ತಿಲ್ಲದವರಿಗೆ ಒಂದು ಮಾತು. ಎಲೆಕ್ಟ್ರಿಕ್ ಗಿಟಾರಿನ ಬರಿ ಸದ್ದು ತೀರಾ ಸಪ್ಪೆ. ಅದಕ್ಕೆ ಒರಟುತನ ಕೊಡಲು ಓವರ್‌ಡ್ರೈವ್, ಅಲೆ ಅಲೆಯಾಗಿಸಲು ಕೋರಸ್, ಪ್ರತಿಧ್ವನಿಗೆ ಡಿಲೇ, ದೊಡ್ಡ ಹಾಲಿನ ಗುಂಗಿಗೆ ರಿವರ್ಬ್ ಬೇಕು. ಒಂದೊಂದಕ್ಕೂ ಒಂದೊಂದು ಪೆಟ್ಟಿಗೆ ಕೊಳ್ಳಬಹುದು, ರೊಕ್ಕ ಇದ್ದವರು ಕೊಳ್ಳುತ್ತಾರೆ. ಎಲ್ಲವನ್ನೂ ಒಂದೇ ಚಿಪ್ಪಿನಲ್ಲಿ ಲೆಕ್ಕ ಹಾಕಿ ಕೊಡುವುದೇ ಮಲ್ಟಿ ಎಫೆಕ್ಟ್ಸ್. ನಮ್ಮ ಕಡೆ ಬಾಯಲ್ಲಿ ‘ಪ್ರೊಸೆಸರ್’. ಜಪಾನಿನ ಝೂಮ್ ಕಂಪನಿ 1996ರಲ್ಲಿ ತಂದ 505, ರೊಕ್ಕ ಇಲ್ಲದವರ ಪಾಲಿನ ದೊಡ್ಡ ಪೆಟ್ಟಿಗೆ. ಎರಡು ಪೆಡಲ್, ಎರಡಕ್ಷರ ತೋರಿಸುವ ಕೆಂಪು ದೀಪದ ಪರದೆ, ಒಂದು 9 ವೋಲ್ಟ್ ಬ್ಯಾಟರಿ. ಅಷ್ಟೇ.

ನಾನು ಎಂಜಿನಿಯರಿಂಗ್‌ಗೆ ಹುಬ್ಬಳ್ಳಿಗೆ ಹೊರಟಾಗ “ಒಂದು ಸೆಮಿಸ್ಟರ್ ಇಟಗೊಂಡು ಕೊಡ್ತೀನಿ” ಅಂದೆ. ಅವನು “ಹೂಂ” ಅಂದ. ಆ ಸೆಮಿಸ್ಟರ್ ಇನ್ನೂ ಮುಗಿದಿಲ್ಲ. ಅವನೂ ಒಂದು ದಿನವೂ ಕೇಳಲಿಲ್ಲ. ಹಗಲು ಅದೇ ಕಾಕಾನ ಅಂಗಡಿ, ರಾತ್ರಿ ಜಾತ್ರೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರ್. ಬಹಳ ವರ್ಷ ಗಿಟಾರನ್ನು ಸೀದಾ ಮಿಕ್ಸರಿಗೇ ಚುಚ್ಚಿ ನುಡಿಸಿದನಂತೆ. ಆಮೇಲೆ ಯಾರದೋ ಕೈಯಿಂದ ಒಂದು ಹಳೇ ಪ್ರೊಸೆಸರ್ ಕೊಂಡ. ಈ ಡಿಸೆಂಬರಿನಲ್ಲಿ ಅದೂ ಸತ್ತಿತು.

ಇರ್ಲಿ. ನಾವು ಐಟಿ ಮಂದಿ ಪಾಪಪ್ರಜ್ಞೆಯನ್ನು ಹೇಗೆ ನಿಭಾಯಿಸುತ್ತೇವೆ ನಿಮಗೆ ಗೊತ್ತಲ್ಲ, ಎಕ್ಸೆಲ್ ಶೀಟ್ ಮಾಡುತ್ತೇವೆ. ಎರಡು ರಾತ್ರಿ ಕೂತು ಹದಿನಾಲ್ಕು ಕಾಲಮ್ಮಿನ ಶೀಟ್ ಮಾಡಿದೆ. ಸ್ಯಾಂಪಲ್ ರೇಟ್, ಬಿಟ್ ಡೆಪ್ತ್, ಆಂಪ್ ಮಾಡೆಲ್‌ಗಳ ಸಂಖ್ಯೆ, ಯುಎಸ್‌ಬಿ ರೆಕಾರ್ಡಿಂಗ್, ಲೂಪರ್ ಎಷ್ಟು ಸೆಕೆಂಡ್, ಇತ್ಯಾದಿ. ಹಸಿರು, ಹಳದಿ, ಕೆಂಪು ಬಣ್ಣ ಬೇರೆ. ಕಳಿಸಿದ ಅರ್ಧ ತಾಸಿಗೆ ಅವನ ವಾಯ್ಸ್ ಮೆಸೇಜ್ ಬಂತು. ಹಿನ್ನೆಲೆಯಲ್ಲಿ ಯಾರೋ ಮೋಟರ್ ತಿರುಗಿಸುತ್ತಿದ್ದರು.

“ನೋಡಿದೆ. ಛಲೋ ಮಾಡೀದಿ. ನಾಕು ಮಾತು ಹೇಳು. ಸೆಲ್ ಮ್ಯಾಲ ನಡೀತೈತೇನ? ಕತ್ತಲದಾಗ ನಂಬರ್ ಕಾಣತೈತೇನ? ಕಾಲಿಲೆ ಒತ್ತಿದ್ರ ತಟ್ಟನ ಬದಲಾಗತೈತೇನ? ಮತ್ತ ಮಿಕ್ಸರಿಗೆ ಸೀದಾ ಹಚ್ಚಿದ್ರ ತಗಡು ಬಡದಂಗ ಕೇಳತೈತೇನ?”

ಹದಿನಾಲ್ಕು ಕಾಲಮ್ಮಿನಲ್ಲಿ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ.

ಹಾಗಾಗಿ ಫೆಬ್ರವರಿಯಲ್ಲಿ ನಾಲ್ಕು ದಿನ ರಜೆ ಹಾಕಿ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ. ಬ್ಯಾಗಿನಲ್ಲಿ ಮೂರು ಪ್ರೊಸೆಸರ್. ಒಂದು, ನನ್ನದೇ ಆದ ಲೈನ್ 6 ಎಚ್‌ಎಕ್ಸ್ ಸ್ಟಾಂಪ್. ಇಎಂಐ ಮೇಲೆ ಕೊಂಡಿದ್ದು, ವರ್ಷಕ್ಕೆ ಹತ್ತು ಸಲ ಆನ್ ಮಾಡಿದ್ದರೆ ಹೆಚ್ಚು. ಎರಡನೆಯದು ಸಹೋದ್ಯೋಗಿಯೊಬ್ಬರು 12 ಸಾವಿರಕ್ಕೆ ಮಾರಲಿಟ್ಟಿದ್ದ ಬಾಸ್ ಜಿಟಿ-1. ಮೂರನೆಯದು ಇನ್ನೊಬ್ಬರಿಂದ ಎರವಲು ತಂದ ಝೂಮ್ ಜಿ1ಎಕ್ಸ್ ಫೋರ್. ಮತ್ತೆ ತಳದಲ್ಲಿ, ಟವೆಲ್ಲಿನಲ್ಲಿ ಸುತ್ತಿದ ಹಳೇ 505. ಅದನ್ನು ಹುಡುಕಲಿಕ್ಕೆ ಎರಡು ಅಟ್ಟ ಇಳಿಸಬೇಕಾಯ್ತು. ಅಡಾಪ್ಟರ್ ಸಿಗಲಿಲ್ಲ. ಒಳಗಿದ್ದ ಬ್ಯಾಟರಿ ಯಾವ ಕಾಲದ್ದೋ, ಸೋರಿ ಹಸಿರುಗಟ್ಟಿತ್ತು.

ವಿಜಯಪುರ ಸ್ಟೇಷನ್ನಿನಿಂದ ಗೋಳಗುಮ್ಮಟ ಹತ್ತಿರವೇ. ತಿಕೋಟಾ ಬಸ್ಸಿಗೆ ಹೋಗುವ ಮೊದಲು ಅಲ್ಲಿಗೆ ಹೋದೆ. ಸುಮ್ಮನೆ ಅಲ್ಲ, ಕೆಲಸ ಇತ್ತು.

1656ರಲ್ಲಿ ಮುಗಿದ ಈ ಗುಮ್ಮಟ, ಮಹಮ್ಮದ್ ಆದಿಲ್ ಶಾಹನ ಸಮಾಧಿ. ನಮ್ಮ ಪಾಲಿಗೆ ಅದು ಊರಿನ ಮೊದಲ ಡಿಲೇ ಮಷಿನ್. ಪಿಯುಸಿಯಲ್ಲಿದ್ದಾಗ ಕ್ಲಾಸ್ ತಪ್ಪಿಸಿ ಮೇಲಿನ ಪಿಸುಗುಟ್ಟುವ ಗ್ಯಾಲರಿಗೆ ಹೋಗಿ ಚಪ್ಪಾಳೆ ತಟ್ಟಿ ಎಣಿಸುತ್ತಿದ್ದೆವು. ಏಳು ಸಲ ಮಾರ್ದನಿ ಬರುತ್ತದೆ ಅಂತ ಗೈಡುಗಳು ಹೇಳುತ್ತಾರೆ. ನಮ್ಮ ದೋಸ್ತ ಅದನ್ನೇ 505ರಲ್ಲಿ ಹಿಡಿಯಲು ಒಂದು ವಾರ ಕೂತ. ಡಿಲೇ ಸಮಯ, ಎಷ್ಟು ಸಲ ಮರುಕಳಿಸಬೇಕು, ಎಷ್ಟು ಜೋರು, ಮೇಲೆ ಸ್ವಲ್ಪ ರಿವರ್ಬ್. ಆ ಸೆಟಿಂಗಿಗೆ, ಅಂದರೆ ಪ್ಯಾಚಿಗೆ, ‘ಗುಮ್ಮಟ’ ಅಂತಲೇ ಹೆಸರು. ಒಂದು ಸ್ವರ ನುಡಿಸಿ ಬಿಟ್ಟರೆ ಅದು ದೂರ ದೂರ ಸರಿದು ಕರಗುವುದು ಕೇಳಿ ನಾವಿಬ್ಬರೂ ಸುಮ್ಮನೆ ಕೂತಿರುತ್ತಿದ್ದೆವು.

ಈ ಸಲ ಗ್ಯಾಲರಿಯಲ್ಲಿ ನಿಂತು ಫೋನಿನ ಕ್ಯಾಲ್ಕುಲೇಟರ್ ತೆಗೆದೆ. ಗುಮ್ಮಟದ ಒಳ ವ್ಯಾಸ ಹತ್ತಿರ ಹತ್ತಿರ 38 ಮೀಟರ್. ಸದ್ದು ಆಚೆ ಗೋಡೆಗೆ ಹೋಗಿ ಬರಲು 76 ಮೀಟರ್. ಸೆಕೆಂಡಿಗೆ 343 ಮೀಟರ್ ವೇಗದಲ್ಲಿ 221 ಮಿಲಿಸೆಕೆಂಡ್. ಅಷ್ಟರಲ್ಲಿ ಒಂದು ಶಾಲೆಯ ಪ್ರವಾಸ ಮೇಲೆ ಹತ್ತಿ ಬಂತು. ಐವತ್ತು ಮಕ್ಕಳು ಒಟ್ಟಿಗೆ ಕೂಗಿದರೆ ಆದಿಲ್ ಶಾಹನೇ ಎದ್ದು ಬರಬೇಕು. ಕಿವಿ ಮುಚ್ಚಿಕೊಂಡು ಇಳಿದೆ. ಆದರೆ ಒಂದು ಮಾತು ಗಮನಿಸಿದ್ದೆ. ಗುಮ್ಮಟದ ಪ್ರತಿಧ್ವನಿ ಮೂಲದ ನಕಲಲ್ಲ. ಪ್ರತಿ ಸಲ ವಾಪಸ್ಸು ಬರುವಾಗ ಚಪ್ಪಾಳೆಯ ಚೂಪು ಕಳೆದು ಮಂಕಾಗುತ್ತದೆ. ಡಿಜಿಟಲ್ ಡಿಲೇ ಹಾಗಲ್ಲ, ಸದ್ದು ಕಡಿಮೆ ಮಾಡುತ್ತದೆ ಅಷ್ಟೇ, ಚೂಪು ಹಾಗೇ ಇರುತ್ತದೆ. ಮಂಕಾಗಬೇಕೆಂದರೆ ಹಳೇ ಟೇಪ್ ಎಕೋ ಅಥವಾ ಅನಲಾಗ್ ಡಿಲೇಯ ನಕಲು ಬೇಕು. ಮೂರೂ ಪೆಟ್ಟಿಗೆಗೆ ಇದೇ ಪರೀಕ್ಷೆ ಅಂತ ನಿಶ್ಚಯಿಸಿದೆ.

ತಿಕೋಟಾ ಬಸ್ಸು ತೊರವಿಯ ಮೇಲೆ ಹೋಗುತ್ತದೆ. ಅಲ್ಲೇ ಇಬ್ರಾಹಿಂ ಆದಿಲ್ ಶಾಹ ನೌರಸಪುರ ಅಂತ ಸಂಗೀತಕ್ಕಾಗಿಯೇ ಒಂದು ಊರು ಕಟ್ಟಲು ಹೊರಟಿದ್ದ. 1624ರಲ್ಲಿ ಮಲಿಕ್ ಅಂಬರ್ ಬಂದು ಹಾಳು ಮಾಡಿದ, ಈಗ ಉಳಿದಿದ್ದು ಸಂಗೀತ ಮಹಲಿನ ಕಮಾನುಗಳು. ಆ ರಾಜ ತನ್ನ ತಂಬೂರಿಗೆ ‘ಮೋತಿಖಾನ್’ ಅಂತ ಹೆಸರಿಟ್ಟಿದ್ದ. ಪ್ಯಾಚಿಗೆ ಹೆಸರಿಡುವ ಹುಚ್ಚು ನಮ್ಮಿಬ್ಬರದೇ ಅಲ್ಲ ಅಂತಾಯ್ತು.

ಮನೆಯಲ್ಲಿ ಅಣ್ಣ ದ್ರಾಕ್ಷಿ ಕಟಾವಿನ ಗಡಿಬಿಡಿಯಲ್ಲಿದ್ದ. ಮಣೂಕ ಒಣಗಿಸುವ ಶೆಡ್ಡಿನ ಒಂದು ಮೂಲೆಯಲ್ಲಿ, ಬಲೆಯ ಅಟ್ಟಣಿಗೆಗಳ ನಡುವೆ, ಹೆಡ್‌ಫೋನ್ ಹಾಕಿಕೊಂಡು ಮೂರನ್ನೂ ನುಡಿಸಿ ನೋಡಿದೆ. ನೀವು ಕೇಳಿದರೆ ಖರೇ ಹೇಳುತ್ತೇನೆ, ಹೆಡ್‌ಫೋನಿನಲ್ಲಿ ಎಚ್‌ಎಕ್ಸ್ ಸ್ಟಾಂಪ್ ಮುಂದೆ ಉಳಿದೆರಡು ನಿಲ್ಲುವುದಿಲ್ಲ. ಮೆಲ್ಲಗೆ ಮೀಟಿದರೆ ಸ್ವರ ತಿಳಿಯಾಗುತ್ತದೆ, ಜೋರು ಮೀಟಿದರೆ ಒಡೆಯುತ್ತದೆ, ನಿಜವಾದ ವಾಲ್ವ್ ಆಂಪ್ಲಿಫೈಯರ್ ಹಾಗೆ. ಜಿಟಿ-1 ಎರಡನೆಯದು, ಸ್ವಲ್ಪ ನಯ ಜಾಸ್ತಿ. ಜಿ1ಎಕ್ಸ್ ಫೋರ್‌ನ ಕ್ಲೀನ್ ಸದ್ದು ಛಂದ, ಓವರ್‌ಡ್ರೈವ್ ಸ್ವಲ್ಪ ಮರಳು ಮರಳು. ಅಣ್ಣ ಒಂದು ನಿಮಿಷ ಹೆಡ್‌ಫೋನ್ ಹಾಕಿ ಕೇಳಿ, “ಮೂರೂ ಅದ ಅದಾವಲ್ಲೋ” ಅಂತ ಹೇಳಿ ದ್ರಾಕ್ಷಿ ಕ್ರೇಟ್ ಹೊತ್ತು ಹೋದ.

ಮರುದಿನ ಬಬಲೇಶ್ವರಕ್ಕೆ ಹೋದೆ. ಅಂಗಡಿಯ ಮುಂದೆ ಸುಟ್ಟ ಸಬ್‌ಮರ್ಸಿಬಲ್ ಮೋಟರುಗಳ ಸಾಲು. ಬೇಸಿಗೆ ಬಂತೆಂದರೆ ಬೋರ್‌ವೆಲ್ ಮೋಟರ್ ಸುಡುವ ಸೀಸನ್ನು, ಅವನಿಗೆ ಪುರುಸೊತ್ತಿಲ್ಲ. ಆದರೂ ಚಾ ತರಿಸಿದ. ಎಚ್‌ಎಕ್ಸ್ ಸ್ಟಾಂಪನ್ನು ಎರಡೂ ಕೈಯಲ್ಲಿ ಹಿಡಿದು ಸದ್ದು ಮಾಡದೆ ನೋಡಿದ. ಲೋಹದ ಮೈ, ಬಣ್ಣದ ಪರದೆ. ಆಮೇಲೆ ಅಡಾಪ್ಟರ್ ಎತ್ತಿಕೊಂಡು ಅದರ ಮೇಲಿನ ಸಣ್ಣಕ್ಷರ ಓದಿದ. 9 ವೋಲ್ಟ್, 3 ಆಂಪ್.

“ಮೂರ್ ಆಂಪ್! ಸೆಲ್ ಹಾಕೂದು?”

“ಇಲ್ಲ.”

“ಹಂಗಾರ ಇದು ನಿನ್ನಂಗ. ಎಸಿ ರೂಮ್ ಬೇಕು.”

ನಾನು ವಾದಿಸಿದೆ. ಕರೆಂಟ್ ಹೋದರೆ ಸ್ಪೀಕರೂ ಹೋಗುತ್ತದಲ್ಲ, ನಿನ್ನ ಪ್ರೊಸೆಸರ್ ಒಂದೇ ಬದುಕಿದ್ದು ಏನು ಉಪಯೋಗ? ಅವನು ಮೋಟರ್ ಕಟ್ಟುವವರ ತಾಳ್ಮೆಯಿಂದ ಬಿಡಿಸಿ ಹೇಳಿದ. ಜಾತ್ರೆಯಲ್ಲಿ ಸೌಂಡ್ ಸಿಸ್ಟಮ್ಮಿನವರು ತಮ್ಮ ಜನರೇಟರ್ ತಂದಿರುತ್ತಾರೆ. ಸ್ಟೇಜಿನ ಮುಂದಿನ ಎಕ್ಸ್‌ಟೆನ್ಷನ್ ಬೋರ್ಡು ಮಾತ್ರ ಯಾರದೋ ಮನೆಯಿಂದ ಎಳೆದಿದ್ದು. ಯಾರಾದರೂ ಕಾಲಿಂದ ಒದ್ದರೆ, ಪ್ಲಗ್ ಸಡಿಲಾದರೆ, ಒಂದು ಕ್ಷಣ ಕರೆಂಟ್ ತಪ್ಪಿದರೂ ಪೆಟ್ಟಿಗೆ ಮತ್ತೆ ಮೊದಲಿನಿಂದ ಆನ್ ಆಗಬೇಕು. ಅಷ್ಟರಲ್ಲಿ ಹಾಡಿನ ಚರಣ ಮುಗಿದಿರುತ್ತದೆ. ಅದೂ ಅಲ್ಲದೆ ಅಗ್ಗದ ಅಡಾಪ್ಟರಿನ ಗುಂಯ್ ಸದ್ದು ಬೇರೆ. ಸೆಲ್ ಮೇಲೆ ನಡೆದರೆ ಆ ಎರಡೂ ಕಾಟ ಇಲ್ಲ. ನನ್ನ ಶೀಟಿನಲ್ಲಿ ಬ್ಯಾಟರಿ ಅನ್ನುವುದು ಕಾಲಮ್ಮೇ ಆಗಿರಲಿಲ್ಲ. ಉಳಿದೆರಡರಲ್ಲೂ ನಾಲ್ಕು ಪೆನ್ಸಿಲ್ ಸೆಲ್. ಕಂಪನಿ ಲೆಕ್ಕದಲ್ಲಿ ಜಿಟಿ-1 ಸುಮಾರು 7 ತಾಸು, ಜಿ1ಎಕ್ಸ್ ಫೋರ್ 18 ತಾಸು.

“ಒಂದ್ ಪ್ರೋಗ್ರಾಮ್ ಐದ್ ತಾಸು. ಎರಡೂ ನಡೀತಾವ.” ಮೊದಲ ಪ್ರಶ್ನೆ ಮುಗಿಯಿತು. ಅಂಗಡಿಯ ಶಟರ್ ಅರ್ಧ ಎಳೆದು, ಬೋರಲು ಕೂತು ನೋಡಿ ಎರಡನೆಯದನ್ನೂ ಮುಗಿಸಿದ. ನಂಬರ್ ಮೂರರಲ್ಲೂ ಕಾಣುತ್ತಿತ್ತು.

ಮೂರನೆಯದಕ್ಕೆ ಚಪ್ಪಲಿ ಬಿಟ್ಟ. ಸ್ಟೇಜಿನ ಮೇಲೆ ದೇವರ ಫೋಟೋ ಇರುತ್ತದೆ, ಬರಿಗಾಲಲ್ಲೇ ನುಡಿಸಬೇಕು. ಬೆಂಗಳೂರಿನ ಯಾವ ರಿವ್ಯೂ ವಿಡಿಯೋದಲ್ಲೂ ಬರಿಗಾಲಲ್ಲಿ ಪೆಡಲ್ ಒತ್ತಿ ತೋರಿಸಿದ್ದು ನಾನು ನೋಡಿಲ್ಲ. 610 ಗ್ರಾಮಿನ ಜಿ1ಎಕ್ಸ್ ಫೋರ್ ಅವನ ಕಾಲಿಗೆ ಹಿಂದೆ ಹಿಂದೆ ಸರಿಯಿತು. ಕೆಳಗೆ ಗೋಣಿಚೀಲ ಹಾಸಿದ ಮೇಲೆ ನಿಂತಿತು. 1.3 ಕಿಲೋದ ಜಿಟಿ-1 ಕದಲಲಿಲ್ಲ.

ಖರೇ ವ್ಯತ್ಯಾಸ ಗೊತ್ತಾಗಿದ್ದು ಸೋಲೋಕ್ಕೆ ಬಂದಾಗ. ಹಾಡು ನಡೆದಿದೆ, ಗಿಟಾರ್ ಹಿಂದೆ ಮೆಲ್ಲಗೆ ಕಾರ್ಡ್ ನುಡಿಸುತ್ತಿದೆ, ಪಲ್ಲವಿ ಮುಗಿದ ಕೂಡಲೇ ಅರ್ಧ ಮಾತ್ರೆಯೊಳಗೆ ಲೀಡ್ ಬರಬೇಕು. ಒಂದು ಪ್ಯಾಚಿನಿಂದ ಇನ್ನೊಂದಕ್ಕೆ ಹಾರಿದರೆ ಇಂಥ ಪೆಟ್ಟಿಗೆಗಳಲ್ಲಿ ರೆಪ್ಪೆ ಬಡಿಯುವಷ್ಟು ಹೊತ್ತು ಮೌನ ಇರುವುದು ಸಾಮಾನ್ಯ. ಹಿಂದಿನ ಸ್ವರದ ಮಾರ್ದನಿಯೂ ಕತ್ತರಿಸಿ ಹೋಗುತ್ತದೆ. ಎಚ್‌ಎಕ್ಸ್‌ನಲ್ಲಿ ಇದಕ್ಕೆ ಸ್ನ್ಯಾಪ್‌ಶಾಟ್ ಅಂತ ಉಪಾಯ ಇದೆ, ಅದೇ ಪ್ಯಾಚಿನೊಳಗೇ ಬೇರೆ ಬೇರೆ ಸ್ಥಿತಿ. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಬದಲಾಗುತ್ತದೆ. ಜಿ1ಎಕ್ಸ್ ಫೋರ್‌ಗೆ ಇರುವುದು ಎರಡೇ ಒತ್ತುಗುಂಡಿ. ಪ್ಯಾಚ್ ಬದಲಿಸಲು ಇಟ್ಟುಕೊಂಡರೆ ಬೇರೆ ಕೆಲಸಕ್ಕೆ ಇಲ್ಲ. ಜಿಟಿ-1ರಲ್ಲಿ ಮೇಲೆ ಕೆಳಗೆ ಹೋಗುವ ಎರಡು ಪೆಡಲ್ ಜೊತೆ ‘ಕಂಟ್ರೋಲ್’ ಅಂತ ಮೂರನೆಯದಿದೆ. ಪ್ಯಾಚ್ ಹಾಗೇ ಇರುತ್ತದೆ, ಅದನ್ನೊತ್ತಿದರೆ ಓವರ್‌ಡ್ರೈವ್ ಮಾತ್ರ ಸೇರುತ್ತದೆ.

ಅವನು ಆ ಮೂರನೇ ಪೆಡಲನ್ನು ಹೆಬ್ಬೆರಳಲ್ಲಿ ಒತ್ತಿದ, ಬಿಟ್ಟ, ಒತ್ತಿದ. ಏನೂ ಹೇಳಲಿಲ್ಲ. ಮುಖದಲ್ಲಿ ಮಾತ್ರ ಪಿಯುಸಿ ಹುಡುಗ ಕಾಣಿಸಿದ.

ನಾಲ್ಕನೆಯದು ತಗಡಿನ ಪ್ರಶ್ನೆ. ಗಿಟಾರ್ ಆಂಪ್ಲಿಫೈಯರಿನ ಸ್ಪೀಕರ್ ಸುಮಾರು 5000 ಹರ್ಟ್ಜ್ ದಾಟಿದ ಮೇಲೆ ಸದ್ದನ್ನು ನುಂಗಿಬಿಡುತ್ತದೆ, ಅದಕ್ಕೇ ಡಿಸ್ಟಾರ್ಷನ್ ಇಂಪಾಗಿ ಕೇಳುತ್ತದೆ. ಜಾತ್ರೆಯ ಟಾಪ್ ಬಾಕ್ಸುಗಳು ಏನನ್ನೂ ನುಂಗುವುದಿಲ್ಲ, ಹಾಗಾಗಿ ತಗಡಿನ ಡಬ್ಬಿಯಲ್ಲಿ ಜೇನುಹುಳ ಬಿಟ್ಟಂತಾಗುತ್ತದೆ. ಪ್ರೊಸೆಸರಿನೊಳಗಿನ ಕ್ಯಾಬಿನೆಟ್ ಸಿಮ್ಯುಲೇಷನ್ ಮಾಡುವುದು ಆ ನುಂಗುವ ಕೆಲಸ. ಮೂರರಲ್ಲೂ ಅದಿದೆ. ಎಚ್‌ಎಕ್ಸ್‌ನಲ್ಲಿ ನಿಜವಾದ ಸ್ಪೀಕರುಗಳಿಂದ ಅಳೆದ ಫೈಲುಗಳನ್ನೂ ಹಾಕಬಹುದು. ನಾನು ಅಂಥ ನಲವತ್ತು ಫೈಲು ಕೂಡಿಸಿಟ್ಟಿದ್ದೆ. ಅವನ ಹಳೇ ಟಾಪ್ ಬಾಕ್ಸಿನಲ್ಲಿ ಆ ನಲವತ್ತೂ ಒಂದೇ ಥರ ಕೇಳಿದವು. ಐದು ಪಟ್ಟು ಬೆಲೆಯ ಪೆಟ್ಟಿಗೆಗೂ ಉಳಿದೆರಡಕ್ಕೂ ಕೂದಲೆಳೆಯ ಅಂತರ. ನನ್ನಣ್ಣ ಶೆಡ್ಡಿನಲ್ಲಿ ಹೇಳಿದ್ದು ಪೂರ್ತಿ ಸುಳ್ಳಲ್ಲ.

ಗುಮ್ಮಟದ ಪರೀಕ್ಷೆ ಉಳಿದಿತ್ತು. ನಾನು ಎಚ್‌ಎಕ್ಸ್‌ನಲ್ಲಿ 221 ಹಾಕಿ ನುಡಿಸಿದೆ. ಅವನು ತಲೆ ಅಲ್ಲಾಡಿಸಿ ಜಿಟಿ-1ರಲ್ಲಿ ಕಿವಿಯಿಂದಲೇ ತಿರುವುತ್ತ ಹೋಗಿ 240ಕ್ಕೆ ನಿಂತ. ಲೆಕ್ಕ ತಪ್ಪಂತ ಅಂದರೆ, “ನಿನ್ನ ಲೆಕ್ಕದಾಗ ಗುಮ್ಮಟ ಖಾಲಿ ಐತಿ. ಮಂದಿ ಇದ್ದಾಗ ಹಿಂಗ ಕೇಳಿಸ್ತೈತಿ” ಅಂದ. ಫಿಸಿಕ್ಸ್ ಪ್ರಕಾರ ಇದಕ್ಕೆ ಅರ್ಥವಿಲ್ಲ. ಕೇಳಲಿಕ್ಕೆ ಮಾತ್ರ ಅವನದೇ ಗುಮ್ಮಟದಂತಿತ್ತು.

ಆಮೇಲೆ ಅವನು ಬೆಂಚಿನ ಖಾನೆಯಿಂದ ಒಂದು ನೂರು ಪುಟದ ನೋಟ್‌ಬುಕ್ ತೆಗೆದ. ಮೋಟರುಗಳ ವೈಂಡಿಂಗ್ ಲೆಕ್ಕ, ಎಷ್ಟು ಸುತ್ತು, ಯಾವ ಗೇಜಿನ ತಂತಿ. ಹಿಂದಿನಿಂದ ತೆರೆದರೆ 505ರ ಪ್ಯಾಚುಗಳು. ಎ1, ಎ2, ಎ3, ಪ್ರತಿಯೊಂದರ ಮುಂದೆ ಒಂದು ಸಾಲು ಅಂಕಿ. 505ರಲ್ಲಿ ಪ್ಯಾಚನ್ನು ಒಂದೊಂದೇ ಮೆಟ್ಟಿಲು ಹತ್ತಿ ಇಳಿಯಬೇಕು, ಅದಕ್ಕೇ ಅವನು ಪ್ರೋಗ್ರಾಮಿನ ಹಾಡುಗಳ ಕ್ರಮದಲ್ಲೇ ಪ್ಯಾಚ್ ಜೋಡಿಸಿ ಬರೆದಿದ್ದ. ಡಿ3ರ ಮುಂದೆ ‘ಗುಮ್ಮಟ’. ಕೆಲವು ಅಂಕಿಗಳ ಶಾಯಿ ಹೊಸದು. ಮಷಿನ್ ಹತ್ತಿರ ಇಲ್ಲದ ವರ್ಷಗಳಲ್ಲೂ ಅವನು ಅದನ್ನು ತಿದ್ದುತ್ತಿದ್ದ.

ಆಗ ನಾನು ಟವೆಲ್ ಬಿಚ್ಚಿದೆ.

ಅವನು ಏನೂ ಕೇಳದೆ ಸ್ಕ್ರೂ ಡ್ರೈವರ್ ತಗೊಂಡ. ಬ್ಯಾಟರಿಯ ಕಿಲುಬನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒರೆಸಿದ, ಒಂದು ತಂತಿ ಕತ್ತರಿಸಿ ಬೆಸುಗೆ ಹಾಕಿದ, ಬೆಂಚಿನ ಪವರ್ ಸಪ್ಲೈಯನ್ನು 9 ವೋಲ್ಟಿಗೆ ತಿರುವಿ ಹಚ್ಚಿದ. ಕೆಂಪು ದೀಪದಲ್ಲಿ ಎ1 ಅಂತ ಮೂಡಿತು. ನಾನು ಖುಷಿಯಿಂದ ಕೂಗಿಯೇಬಿಟ್ಟೆ. ಅವನು ಒಂದೊಂದೇ ಒತ್ತುತ್ತ ಡಿ3ಕ್ಕೆ ಬಂದು ಒಂದು ಸ್ವರ ಮೀಟಿದ.

ಹೆವಿ ಮೆಟಲ್. ಹುಬ್ಬಳ್ಳಿ ಹಾಸ್ಟೆಲ್ಲಿನಲ್ಲಿ ನಾನು ಸೇವ್ ಮಾಡಿದ್ದು. ಅವನ ಪ್ಯಾಚಿನ ಮೇಲೆಯೇ. ನನಗೆ ನೆನಪೇ ಇರಲಿಲ್ಲ.

“ಅಳಿಸೀದಿ?” ಅಂದ. ಸಿಟ್ಟಿಲ್ಲ. ಸುಟ್ಟ ಮೋಟರ್ ತಂದವರನ್ನು ಕೇಳುವ ಹಾಗೆ ಕೇಳಿದ.

“ಹೂಂ.”

ನೋಟ್‌ಬುಕ್ ನನ್ನ ಕಡೆ ತಳ್ಳಿ, “ಓದು” ಅಂದ. ನಾನು ಅಂಕಿ ಓದುತ್ತ ಹೋದೆ, ಅವನು ಒತ್ತುತ್ತ ಹೋದ. ನಡುವೆ ಇಬ್ಬರು ರೈತರು ಮೋಟರ್ ಕೇಳಿಕೊಂಡು ಬಂದರು, ಅವರಿಗೆ ಸಂಜೆಗೆ ಬರಲು ಹೇಳಿದ. ಮುಗಿದ ಮೇಲೆ ಅದೇ ಸ್ವರ ಮೀಟಿದ. ಈಗಿನ ಕಿವಿಗೆ ಸದ್ದು ಬಡವಾಗಿತ್ತು, ಹಿಂದೆ ಸುಯ್ಯೆನ್ನುವ ಗದ್ದಲ. ಹೊಸ ಮೂರರ ಎದುರು ಯಾವ ಕಾಲಮ್ಮಿನಲ್ಲೂ ಗೆಲ್ಲುವುದಿಲ್ಲ. ಇಬ್ಬರೂ ಸುಮ್ಮನೆ ಕೂತಿದ್ದೆವು.

ಜಿಟಿ-1 ನಾನೇ ಕೊಡಿಸುತ್ತೇನೆ ಅಂದೆ. ಅವನು ಒಪ್ಪಲಿಲ್ಲ. ಇಪ್ಪತ್ತು ವರ್ಷದ ಬಾಡಿಗೆ ಅಂತ ತಿಳಿ ಅಂದೆ. ಅದಕ್ಕೆ ಮಾತ್ರ ಅವನಿಗೆ ಸಿಟ್ಟು ಬಂತು.

“ಬಾಡಿಗಿ ಯಾಂವ ಕೇಳ್ಯಾನಲೇ? ಆರ್ ಸಾವಿರ ನೀ ಹಾಕು, ಆರ್ ಸಾವಿರ ನಾ ಹಾಕ್ತೀನಿ. ಮೊದಲಿನಂಗ. ಆದ್ರ ಈ ಸಲ ಮಷಿನ್ ಬಬಲೇಶ್ವರದಾಗ ಇರತೈತಿ.”

ಎರಡು ದಿನದ ನಂತರ ಹತ್ತಿರದ ಹಳ್ಳಿಯ ಜಾತ್ರೆಯಲ್ಲಿ ಪ್ರೋಗ್ರಾಮು. ಮೊದಲು ಭಕ್ತಿಗೀತೆ, ಆಮೇಲೆ ರಾಜ್‌ಕುಮಾರ್, ಹಿಂದಿ, ಒಂದೆರಡು ಮರಾಠಿ, ಹನ್ನೊಂದು ದಾಟಿದ ಮೇಲೆ ಮಂದಿ ಬಿಡದೆ ಕೇಳುವ ಜಾನಪದ. ನಾನು ಮಿಕ್ಸರ್ ಪಕ್ಕದ ಕುರ್ಚಿಯಲ್ಲಿದ್ದೆ. ಮಿಕ್ಸರ್ ಹುಡುಗನಿಗೆ ಗಿಟಾರ್ ಅಂದರೆ ಅಷ್ಟಕ್ಕಷ್ಟೇ, ಕೀಬೋರ್ಡ್ ಜೋರಿರಬೇಕು. ಒಂದು ಹಳೇ ಹಾಡಿನ ನಡುವೆ ದೋಸ್ತ ಬರಿಗಾಲಿನ ಹೆಬ್ಬೆರಳಿಂದ ಮೂರನೇ ಪೆಡಲ್ ಒತ್ತಿದ್ದು ಕಂಡಿತು, ಸದ್ದು ಮಾತ್ರ ಬರಲಿಲ್ಲ. ಅವನು ನನ್ನ ಕಡೆ ನೋಡಿದ. ನಾನು ಕೈ ಚಾಚಿ ಆ ಫೇಡರನ್ನು ಎರಡು ಬೆರಳು ಮೇಲೆ ಸರಿಸಿದೆ. ಹುಡುಗ, “ಏ ಅಣ್ಣಾರ, ಮುಟ್ಟಬ್ಯಾಡ್ರಿ” ಅಂದ. ಅಷ್ಟರಲ್ಲಿ ಗುಮ್ಮಟ ಬಂದಿತ್ತು. ಎಣಿಸಲು ನೋಡಿದೆ, ನಾಲ್ಕರ ಮೇಲೆ ಪೀಪಿ, ಸೀಟಿಗಳ ಗದ್ದಲದಲ್ಲಿ ಸಿಗಲಿಲ್ಲ.

ಬೆಂಗಳೂರಿಗೆ ಬಂದು ಒಂದು ವಾರಕ್ಕೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಅಂಗಡಿಯ ಬೆಂಚಿನ ಮೇಲೆ 505, ಪರದೆಯ ಮೇಲೆ ಡಿ3. ಕೆಳಗೆ ಎರಡೇ ಪದ.

“ಅಡಾಪ್ಟರ್ ಕಳಸು.”